ನೋಡಿಕೊಳ್ಳುವುದು

"ಮ್ಯಾನೇಜ್ ಅಂದ್ರೆ?" ವಾಣಿಶ್ರೀ ಬೋರ್ಡಿನ ಮೇಲೆ ಬೆರಳಿಟ್ಟು ಕೇಳಿದಳು.

"ನೋಡ್ಕೊಳ್ಳೋದು ಮೇಡಂ."

"ಸೂಪರ್‌ವೈಸ್?"

"ಅದೂ ನೋಡ್ಕೊಳ್ಳೋದೇ," ಎಂದಳು ಹಿಂದೆ ಕೂತಿದ್ದ ಉಚ್ಚಂಗೆಮ್ಮ.

"ಲುಕ್ ಆಫ್ಟರ್?"

ಈ ಸಲ ಒಂಬತ್ತು ಹೆಂಗಸರೂ ಒಟ್ಟಿಗೇ ಹೇಳಿ ನಕ್ಕುಬಿಟ್ಟರು. ವಾಣಿಶ್ರೀಗೂ ನಗು ಬಂತು. "ಎಲ್ಲಾದಕ್ಕೂ ಒಂದೇ ಮಾತಾದ್ರೆ ಹೆಂಗ್ರೀ? ಸ್ವಲ್ಪ ಸ್ವಲ್ಪ ವ್ಯತ್ಯಾಸ ಐತೆ," ಎಂದು ವಿವರಿಸಲು ಹೊರಟವಳು ಗಡಿಯಾರ ನೋಡಿ, ಮುಂದಿನ ಪದಕ್ಕೆ ಹೋದಳು. ಮೂರೂವರೆಗೆ ಕ್ಯಾಂಟೀನನ್ನು ಎರಡನೇ ಪಾಳಿಯವರಿಗೆ ಬಿಟ್ಟುಕೊಡಬೇಕಿತ್ತು.

ನಿರ್ಮಲಾ ನೋಟ್‌ಬುಕ್ಕಿನ ಎಡಗಡೆ ಇಂಗ್ಲಿಷ್ ಪದಗಳನ್ನು ಬರೆದುಕೊಂಡಿದ್ದಳು. ಬಲಗಡೆ ಮೊದಲ ಸಾಲಿನಲ್ಲಿ 'ನೋಡಿಕೊಳ್ಳುವುದು' ಎಂದು ಬರೆದು, ಕೆಳಗಿನ ಎರಡು ಸಾಲಿಗೂ ಅದೇ ಎನ್ನುವಂತೆ ಎರಡೆರಡು ಗೀಟು ಹಾಕಿದಳು. ಟೇಬಲ್ಲಿನ ಮೇಲೆ ಮಧ್ಯಾಹ್ನದ ಸಾರಿನ ಕಲೆ ಇನ್ನೂ ಒರೆಸಿರಲಿಲ್ಲ. ನೋಟ್‌ಬುಕ್ಕಿನ ಮೂಲೆ ಅದರಲ್ಲಿ ಅದ್ದಿಕೊಂಡು ಹಳದಿಯಾಗಿತ್ತು.

ಚಳ್ಳಕೆರೆಯಾಚೆಯ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳು ಹನ್ನೊಂದು ವರ್ಷ ಮಿಷಿನ್ ತುಳಿದವಳು. ಹೊಸ ವರ್ಷದಿಂದ ಕಂಪನಿ ಹೊರಗಿನ ಸೂಪರ್‌ವೈಸರುಗಳನ್ನು ಕೈಬಿಟ್ಟು, ಹತ್ತನೇ ತರಗತಿ ಪಾಸಾದ ಟೈಲರುಗಳನ್ನೇ ಆ ಜಾಗಕ್ಕೆ ತಂದಿತ್ತು. ರಿಪೋರ್ಟುಗಳೆಲ್ಲ ಬೆಂಗಳೂರಿನ ಆಫೀಸಿಗೆ ಇಂಗ್ಲಿಷಿನಲ್ಲೇ ಹೋಗಬೇಕು. ಅದಕ್ಕೇ ಚಿತ್ರದುರ್ಗದಿಂದ ಶನಿವಾರ ಶನಿವಾರ ವಾಣಿಶ್ರೀ ಬರುತ್ತಿದ್ದಳು.

ನಿರ್ಮಲಾಳನ್ನು ಈ ಫ್ಯಾಕ್ಟರಿಗೆ ಕರೆತಂದವಳು ಕೊಂಡ್ಲಹಳ್ಳಿಯ ಹೊನ್ನಕ್ಕ. ಇಬ್ಬರೂ ಬರುವುದು ಒಂದೇ ಬಸ್ಸಿನಲ್ಲಿ. ಹೊನ್ನಕ್ಕ ಅಲ್ಲಿ ಹತ್ತುತ್ತಿದ್ದಳು, ನಿರ್ಮಲಾ ತಳಕಿನಲ್ಲಿ. ಕಾಲರನ್ನು ಮಗುಚಿ ಮೂಲೆ ಚೂಪಾಗಿ ನಿಲ್ಲಿಸುವುದನ್ನು ಮೊದಲ ವಾರ ಅವಳ ಕೈಮೇಲೆ ಕೈಯಿಟ್ಟು ಕಲಿಸಿದ್ದೂ ಹೊನ್ನಕ್ಕನೇ. ನಿರ್ಮಲಾ ಸೂಪರ್‌ವೈಸರ್ ಆದ ದಿನ ಇಡೀ ಲೈನಿನವರು ಮೆತ್ತಗಾಗಿ ಹಲ್ಲು ಕಿರಿದರೆ, ಐವತ್ತೆರಡರ ಹೊನ್ನಕ್ಕ ಮಾತ್ರ, "ಬೈಯೋದಾದ್ರೆ ಜೋರಾಗಿ ಬೈಯೇ. ಮೆತ್ತಗೆ ಬೈದ್ರೆ ಈ ಮಿಷಿನ್ ಗಲಾಟೇಲಿ ನಂಗೆ ಕೇಳ್ಸಲ್ಲ," ಎಂದಿದ್ದಳು.

ಬೈಯುವ ಪ್ರಸಂಗ ಬರಲಿಲ್ಲ. ಆದರೆ ಫೆಬ್ರವರಿಯಲ್ಲಿ ಹೊನ್ನಕ್ಕ ಮಿಷಿನ್ ಮುಂದೆಯೇ ಕುಸಿದಳು. ಸಕ್ಕರೆ ಕಾಯಿಲೆ. ಬೆಳಗಿನ ಮಾತ್ರೆ ನುಂಗಿ, ಮುದ್ದೆ ಉಣ್ಣದೆ ಬಸ್ ಹತ್ತಿದ್ದಳು. ಯಾರೋ ಬೆಲ್ಲದ ಚೂರು ಬಾಯಿಗೆ ಹಾಕಿದ ಮೇಲೆ ಎದ್ದು ಕೂತು, ಮೊದಲು ತನ್ನ ಮುಂದಿದ್ದ ಕಾಲರುಗಳನ್ನು ಎಣಿಸಿದಳು. ಏಪ್ರಿಲ್ಲಿನಲ್ಲಿ ಮತ್ತೊಮ್ಮೆ ಬಿದ್ದಾಗ ಹಣೆ ಟೇಬಲ್ಲಿನ ಅಂಚಿಗೆ ತಗಲಿತು. ಅಷ್ಟರಲ್ಲಿ ಅವಳ ಕೈಯಿಂದ ಹೋದ ಬಟ್ಟೆಗಳು ಚೆಕಿಂಗ್‌ನಿಂದ ವಾಪಸು ಬರತೊಡಗಿದ್ದವು. ಎರಡು ಗಂಟೆಗೊಮ್ಮೆ ಪ್ರದೀಪ್ ಸಾರ್ ಬಂದು ಲೈನುಗಳ ಲೆಕ್ಕದ ಬೋರ್ಡ್ ನೋಡುತ್ತಿದ್ದರು. ಫ್ಲೋರ್ ಪೂರ್ತಿ ಅವರ ಕೈಯಲ್ಲಿತ್ತು. "ನಿಮ್ಮ ಲೈನ್ ಒಂದೇ ಯಾಕ್ರೀ ಯಾವಾಗ್ಲೂ ಕೆಂಪು?" ಎನ್ನುತ್ತಿದ್ದರು. ಕೂಗಾಡುವ ಮನುಷ್ಯರಲ್ಲ. ಕೇಳಿ, ಉತ್ತರಕ್ಕೆ ಕಾಯದೆ ಹೊರಟುಬಿಡುತ್ತಿದ್ದರು.

ಏಪ್ರಿಲ್ ಕೊನೆಯಲ್ಲಿ ಕೆಲಸಗಾರರ ವರದಿಯ ಫಾರಮ್ಮುಗಳು ಬಂದವು. ಲೈನಿನ ನಲವತ್ತೆರಡು ಜನಕ್ಕೂ ಒಂದೊಂದು. ಪ್ರತಿಯೊಂದರ ಕೊನೆಯಲ್ಲಿ, ಆ ಕೆಲಸಗಾರರ ಬಗ್ಗೆ ಸೂಪರ್‌ವೈಸರ್ ಒಂದು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕು. ಏನು ಬರೆಯಬಹುದು ಎಂಬುದಕ್ಕೆ ವಾಣಿಶ್ರೀ ಒಂದು ಹಾಳೆಯಲ್ಲಿ ಹದಿನೈದು ವಾಕ್ಯ ಅಚ್ಚು ಹಾಕಿಸಿ ಕೊಟ್ಟಿದ್ದಳು. ಭಾನುವಾರ ನಿರ್ಮಲಾ ಊಟವಾದ ಮೇಲೆ ಚಾಪೆ ಹಾಸಿಕೊಂಡು ಕೂತಳು. ಎಣ್ಣೆ ಮಿಲ್ಲಿಗೆ ಲಾರಿ ಓಡಿಸುವ ಗಂಡ ಓಬಳೇಶ ಗೋಡೆಗೊರಗಿ, "ಈ ಮನೇಲಿ ನಂದೂ ಒಂದು ರಿಪೋರ್ಟ್ ಬರೀರಿ ಮೇಡಂ," ಎಂದು ಚುಡಾಯಿಸಿ ಹಾಗೆಯೇ ನಿದ್ದೆ ಹೋದ.

ಒಂದೊಂದು ಫಾರಮ್ಮಿಗೂ ಅವಳು ಒಂದು ಮುಖವನ್ನು ನೆನೆದು, ಹಾಳೆಯಿಂದ ಒಂದು ವಾಕ್ಯ ಆರಿಸಿ ದುಂಡಗೆ ಬರೆದಳು. ಮೂವತ್ತೊಂದನೆಯದು ಹೊನ್ನಕ್ಕನದು. ಹೊನ್ನಕ್ಕನನ್ನು ಬಾಗಿಲ ಕಡೆಯ ಮಿಷಿನ್‌ಗೆ ಹಾಕಿದರೆ, ಬಿದ್ದರೂ ಪಕ್ಕದಲ್ಲಿ ಒಬ್ಬರು ಇರುತ್ತಾರೆ ಅನ್ನಿಸಿತು. ಹಾಳೆಯ ಮೇಲೆ ಬೆರಳಾಡಿಸಿದಳು. 'ರಿಕ್ವೈರ್ಸ್ ಕ್ಲೋಸ್ ಸೂಪರ್‌ವಿಷನ್'. ರಿಕ್ವೈರ್ಸ್ ಅಂದರೆ ಬೇಕು. ಕ್ಲೋಸ್ ಅಂದರೆ ಹತ್ತಿರ. ಮೂರನೆಯದು ನೋಡಿಕೊಳ್ಳುವುದು. ಹತ್ತಿರದಿಂದ ನೋಡಿಕೊಳ್ಳಬೇಕು. ಅವಳು ಅದನ್ನು ಬರೆದಳು. ಬರೆದು ಫಾರಮ್ಮನ್ನು ಮಗುಚಿ ಇಟ್ಟಾಗ, ಕಂಕುಳಲ್ಲಿದ್ದ ಬಿಂದಿಗೆಯನ್ನು ಕಟ್ಟೆಯ ಮೇಲೆ ಇಳಿಸಿದಂತೆ ಒಂಥರಾ ಹಗುರವಾಯಿತು. ಉಳಿದ ಹನ್ನೊಂದನ್ನು ಬೇಗ ಬೇಗ ಮುಗಿಸಿದಳು.

ಎರಡು ವಾರವಾದ ಮೇಲೆ ಪ್ರದೀಪ್ ಸಾರ್ ಅವಳನ್ನು ಗಾಜಿನ ಕೋಣೆಗೆ ಕರೆದರು. ಬೆಂಗಳೂರಿನಿಂದ ಪಟ್ಟಿ ಬಂದಿತ್ತು. ಫ್ಲೋರಿನಿಂದ ನಾಲ್ಕು ಜನ, ಅವಳ ಲೈನಿನಿಂದ ಒಬ್ಬರು.

"ಹೊನ್ನಕ್ಕಂಗೆ ನೀವೇ ಹೇಳ್ಬಿಡಿ ನಿರ್ಮಲಾ. ನಿಮ್ಮ ಕಡೆಯವ್ರು, ನಿಮ್ಮ ಮಾತು ಕೇಳ್ತಾರೆ. ಈ ತಿಂಗಳ ಕೊನೆಗೆ ಲಾಸ್ಟ್."

"ಯಾಕೆ ಸಾರ್?"

ಅವರು ಆಶ್ಚರ್ಯದಿಂದ ನೋಡಿದರು. "ನೀವೇ ಬರ್ದಿದೀರಲ್ಲ." ಫಾರಮ್ಮನ್ನು ಅವಳ ಕಡೆ ತಿರುಗಿಸಿದರು. ಅವಳ ದುಂಡನೆಯ ಅಕ್ಷರದ ಕೆಳಗೆ ಯಾರೋ ಕೆಂಪು ಗೀಟು ಎಳೆದಿದ್ದರು.

"ನಾನು ಆ ಅರ್ಥದಲ್ಲಿ ಬರ್ದಿದ್ದಲ್ಲ ಸಾರ್."

"ಇನ್ಯಾವ ಅರ್ಥ? ತಲೆ ಮೇಲೆ ನಿಂತು ಕೆಲ್ಸ ಮಾಡಿಸ್ಬೇಕು, ನಂಬಿ ಬಿಡೋಕಾಗಲ್ಲ ಅಂತ. ಅದರಲ್ಲಿ ತಪ್ಪೇನಿಲ್ಲ ಬಿಡಿ, ಇರೋದನ್ನೇ ಬರ್ದಿದೀರ. ಮೊದಲನೇ ಸಲಕ್ಕೆ ಎಲ್ಲರೂ ಗುಡ್ ಗುಡ್ ಅಂತ ಬರೀತಾರೆ. ನೀವು ಹಂಗ್ ಮಾಡಿಲ್ಲ."

ತನಗೆ ಏನಾದರೂ ಆಗುತ್ತದೆ ಎಂದು ನಿರ್ಮಲಾ ಕಾದಳು. ಅಳು ಬರಬಹುದು. ಏನೂ ಆಗಲಿಲ್ಲ. ಗಾಜಿನಾಚೆ ಮಿಷಿನ್‌ಗಳ ಮೇಲೆ ಬಾಗಿದ ತಲೆಗಳು ಸಾಲಾಗಿ ಕಾಣುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ. "ಆಯ್ತು ಸಾರ್," ಎಂದು ಹೊರಗೆ ಬಂದಳು.

ಶನಿವಾರ ಕ್ಲಾಸು ಮುಗಿದ ಮೇಲೆ ವಾಣಿಶ್ರೀಯ ಹತ್ತಿರ ನಿಂತು ಎಲ್ಲವನ್ನೂ ಹೇಳಿದಳು. ವಾಣಿಶ್ರೀಯ ಮುಖ ಬಣ್ಣಗೆಟ್ಟಿತು. ತನ್ನ ಕ್ಲಾಸಿಗೇ ಕುತ್ತು ಬರುತ್ತದೇನೋ ಎಂಬ ಭಯವೂ ಅದರಲ್ಲಿ ಇದ್ದಂತಿತ್ತು. ಆದರೂ ಕೂತು ನಿರ್ಮಲಾಳ ಹೆಸರಿನಲ್ಲಿ ಒಂದು ಕಾಗದ ಬರೆದುಕೊಟ್ಟಳು. "ಇಲ್ಲಿ ನೋಡಿ, 'ಇದು ನನ್ನ ಓವರ್‌ಸೈಟ್' ಅಂತ ಹಾಕಿದೀನಿ."

"ಓವರ್‌ಸೈಟ್ ಅಂದ್ರೆ ಮೇಲ್ವಿಚಾರಣೆ ಅಂತ ಬರ್ಸಿದ್ರಿ ಮೇಡಂ, ಎರಡನೇ ವಾರ."

"ಕಣ್ತಪ್ಪು ಅಂತಾನೂ ಐತೆ."

"ಎರಡಕ್ಕೂ ಒಂದೇನಾ?"

"ಹೂಂ," ಎಂದಳು ವಾಣಿಶ್ರೀ ಮೆಲ್ಲಗೆ. ಅವರಿಬ್ಬರಿಗೂ ನಗು ಬರಲಿಲ್ಲ.

ಕಾಗದವನ್ನು ಪ್ರದೀಪ್ ಸಾರ್ ಓದಿ, ಬೆಂಗಳೂರಿಗೆ ಕಳಿಸುತ್ತೇನೆಂದು ಫೈಲಿನಲ್ಲಿಟ್ಟರು. ಉತ್ತರ ಬರಲಿಲ್ಲ. ತಿಂಗಳು ಮುಗಿಯಲು ಎರಡು ದಿನ ಇದ್ದಾಗ, ಕೈ ತೊಳೆಯುವ ನಲ್ಲಿಗಳ ಹತ್ತಿರ ನಿರ್ಮಲಾ ಹೊನ್ನಕ್ಕನಿಗೆ ಹೇಳಿದಳು. ಹೊನ್ನಕ್ಕ ಬುತ್ತಿಯ ಡಬ್ಬಿಯನ್ನು ತೊಳೆದು, ಮುಚ್ಚಳವನ್ನೂ ತೊಳೆದು, ಆಮೇಲೆ ನಲ್ಲಿ ನಿಲ್ಲಿಸಿದಳು.

"ಯಾರಂದ್ರು?"

"ಬೆಂಗಳೂರಿಂದ ಬಂದೈತಕ್ಕ."

"ನಿಂಗೇನೂ ತೊಂದ್ರೆ ಇಲ್ಲಲ್ಲ?"

"ಇಲ್ಲ."

"ಹಂಗಾದ್ರೆ ಸರಿ," ಎಂದು ಹೊನ್ನಕ್ಕ ಸೆರಗಿನಿಂದ ಡಬ್ಬಿ ಒರೆಸಿದಳು. ಕೊನೆಯ ದಿನ ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ವಾಪಸು ಕೊಟ್ಟು ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿ ಒರೆಸಿಕೊಳ್ಳಲು ನಿರ್ಮಲಾ ತುಂಡು ಬಟ್ಟೆ ಕೊಟ್ಟಳು.

ಅವಳ ಜಾಗಕ್ಕೆ ಸ್ವಪ್ನ ಎಂಬ ಹುಡುಗಿ ಬಂದಳು. ಕೈ ಚುರುಕು. ಮೂರನೇ ದಿನಕ್ಕೆ ಬೋರ್ಡ್ ಹಸಿರಾಯಿತು. ಪ್ರದೀಪ್ ಸಾರ್ ಹಾದುಹೋಗುವಾಗ ಹೆಬ್ಬೆರಳೆತ್ತಿ ತೋರಿಸಿದರು. ನಿರ್ಮಲಾ ಬೆಳಿಗ್ಗೆ ಬಸ್ ಹತ್ತಿದಳು, ಲೈನಿನಲ್ಲಿ ಓಡಾಡಿದಳು, ಸಂಜೆ ರೊಟ್ಟಿ ಬಡಿದಳು. ಊಟದಲ್ಲಿ ಉಪ್ಪಿಲ್ಲ ಎಂದು ಓಬಳೇಶ ಹೇಳಿದಾಗಲೇ ಅವಳಿಗೆ ಅದು ತಿಳಿಯುತ್ತಿದ್ದದ್ದು.

"ನೀನೇನು ಬೇಕಂತ ಮಾಡಿದ್ಯಾ? ಬಿಡು ಅತ್ಲಾಗೆ," ಎಂದ ಅವನು ಒಂದು ದಿನ.

ಅವಳು ಎದ್ದು ತಟ್ಟೆಗಳನ್ನು ಎತ್ತಿದಳು. ವಾಣಿಶ್ರೀ ಕೊಟ್ಟ ಹಾಳೆಯನ್ನು ತೆಗೆದು ನೋಡಿದ್ದಳು. ಆ ವಾಕ್ಯದ ಮುಂದೆ ಪೆನ್ಸಿಲಿನಲ್ಲಿ ಒಂದು ಸಣ್ಣ ನಕ್ಷತ್ರದ ಗುರುತಿತ್ತು. ಹಾಕಿದ್ದು ಅವಳದೇ ಕೈ. ಯಾವಾಗ ಹಾಕಿದ್ದು? ಹುಷಾರಾಗಿ ಬಳಸಿ ಎಂದು ಮೇಡಂ ಹೇಳಿದಾಗ ಹಾಕಿಕೊಂಡಿದ್ದೋ, ಹೊನ್ನಕ್ಕನಿಗೆ ಸರಿಹೋಗುತ್ತದೆಂದು ಆರಿಸಿಕೊಂಡಾಗ ಹಾಕಿದ್ದೋ? ಎಷ್ಟು ನೆನೆದರೂ ಆ ಶನಿವಾರದ ಟೇಬಲ್ಲು, ಫ್ಯಾನು, ವಾಣಿಶ್ರೀಯ ಹಸಿರು ದುಪಟ್ಟಾ ಕಾಣುತ್ತಿದ್ದವೇ ಹೊರತು ಮಾತು ಕೇಳಿಸುತ್ತಿರಲಿಲ್ಲ.

ಜೂನ್ ಎರಡನೇ ಭಾನುವಾರ ಅವಳು ಕೊಂಡ್ಲಹಳ್ಳಿಗೆ ಹೋದಳು. ಹೊನ್ನಕ್ಕ ಮನೆಯ ಮುಂದಿನ ಬೇವಿನ ನೆರಳಲ್ಲಿ ಗೋಣಿ ಹಾಸಿಕೊಂಡು ಶೇಂಗಾ ಸುಲಿಯುತ್ತಿದ್ದಳು. ಮರುಳಪ್ಪನವರ ಮನೆಯ ಬಿತ್ತನೆ ಬೀಜ. ಮಳೆ ಬೀಳುವಷ್ಟರಲ್ಲಿ ಸುಲಿದು ಕೊಡಬೇಕಿತ್ತು.

"ಏಮೇ, ಸೂಪರ್‌ವೈಸರಮ್ಮ! ಬಾ, ಕೂತ್ಕೋ. ಮಜ್ಜಿಗೆ ಕುಡೀತೀಯಾ?"

"ಬ್ಯಾಡಕ್ಕ. ಈಗ ಮಾತ್ರೆ ಸರಿಯಾಗಿ ತಗಂತೀಯಾ?"

"ಮನೇಲೇ ಇರ್ತೀನಲ್ಲ. ಮೊದ್ಲು ಮುದ್ದೆ, ಆಮ್ಯಾಲೆ ಮಾತ್ರೆ." ಹೊನ್ನಕ್ಕ ನಕ್ಕಳು. ಹಣೆಯ ಮೇಲಿನ ಗಾಯ ಒಣಗಿ ಬಿಳಿ ಗೆರೆಯಾಗಿತ್ತು.

ನಿರ್ಮಲಾ ಗೋಣಿಯ ಅಂಚಿನಲ್ಲಿ ಕೂತಳು.

"ಅಕ್ಕ, ಆ ಫಾರಮ್ಮು ಬರ್ದಿದ್ದು ನಾನೇ."

"ಯಾವ ಫಾರಮ್ಮು?"

"ನಿನ್ನ ಬಗ್ಗೆ. ಅದನ್ನ ನೋಡಿಯೇ ತೆಗ್ದಿದ್ದು ಅವ್ರು."

ಹೊನ್ನಕ್ಕನ ಕೈ ನಿಲ್ಲಲಿಲ್ಲ. ಎರಡು ಕಾಯಿ ಸುಲಿದಳು. "ಏನಂತ ಬರ್ದಿದ್ದೆ?"

"ಹತ್ತಿರದಿಂದ ನೋಡ್ಕೋಬೇಕು ಅಂತ."

"ಒಳ್ಳೇದೇ ಅಲ್ವೇನೇ? ಅದಕ್ಕ್ಯಾಕೆ ತೆಗೀತಾರೆ?"

"ಇಂಗ್ಲಿಷ್‌ನಾಗೆ ಅದಕ್ಕೆ ಬ್ಯಾರೆ ಅರ್ಥ ಐತೆ. ಇವಳನ್ನ ನಂಬೋಕಾಗಲ್ಲ ಅಂತ."

ಈಗ ಹೊನ್ನಕ್ಕ ಕೈ ನಿಲ್ಲಿಸಿ ತಲೆಯೆತ್ತಿದಳು. ಪಕ್ಕದ ಮನೆಯ ಕೋಳಿಯೊಂದು ಗೋಣಿಯ ಹತ್ತಿರಕ್ಕೆ ಬಂತು, ಅದನ್ನು ಓಡಿಸಲಿಲ್ಲ.

"ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನಬೇಕೆಂದೇ ನಿರ್ಮಲಾ ಬಾಯಿ ತೆರೆದಳು.

"ಗೊತ್ತಿತ್ತೋ ಇಲ್ವೋ, ಅದೇ ಗೊತ್ತಿಲ್ಲಕ್ಕ," ಎಂದಳು.

ಹೊನ್ನಕ್ಕ ಅವಳ ಮುಖವನ್ನೇ ನೋಡಿದಳು. ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಹೊಲ ಹರಗುತ್ತಿತ್ತು. ಅದು ಬದುವಿನ ತನಕ ಹೋಗಿ, ತಿರುಗಿ ಬರುವ ಸದ್ದು ಕೇಳಿಸಿತು.

"ಪೋನೀಲೇ, ಹೋಗ್ಲಿ ಬಿಡು," ಎಂದಳು ಹೊನ್ನಕ್ಕ ಕೊನೆಗೆ. ಕೋಳಿಯನ್ನು ಅಟ್ಟಿ, ಕಾಯಿಯ ರಾಶಿಯಲ್ಲಿ ಅರ್ಧದಷ್ಟನ್ನು ನಿರ್ಮಲಾಳ ಕಡೆ ತಳ್ಳಿದಳು. "ಬಂದಿದೀಯಲ್ಲ, ನಾಲ್ಕು ಸುಲಿ. ಬೀಜದ ಕೆಂಪು ಪೊರೆ ಕೀಳಬಾರ್ದು, ನೋಡು. ಕಿತ್ರೆ ಹುಟ್ಟಲ್ಲ."

ನಿರ್ಮಲಾ ಒಂದು ಕಾಯಿ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಸಿಪ್ಪೆ ಪಟ್ಟೆಂದಿತು. ಬೇವಿನ ನೆರಳು ಗೋಣಿಯಿಂದ ಸರಿದು ಹೋದಾಗ ಅವರೂ ಗೋಣಿಯನ್ನು ಎಳೆದುಕೊಂಡು ಜರುಗಿದರು. ಬೆರಳಿನ ತುದಿ ಚುರುಗುಟ್ಟುತ್ತಿತ್ತು, ನಿರ್ಮಲಾ ಸುಲಿಯುತ್ತಲೇ ಇದ್ದಳು. ಆಗಾಗ ಹೊನ್ನಕ್ಕ ಕೈ ಚಾಚಿ, ನಿರ್ಮಲಾಳ ಮುಂದಿನ ಗುಡ್ಡೆಯಿಂದ ಹೋಳಾದ ಬೀಜಗಳನ್ನು ಒಂದೊಂದಾಗಿ ಆರಿಸಿ ಪಕ್ಕದ ಬಟ್ಟಲಿಗೆ ಹಾಕುತ್ತಿದ್ದಳು.