ಅಪ್ಪನ ಬಾಯಲ್ಲಿ ಉಳಿದ ಹಾಡು

ಲಕ್ವ ಹೊಡೆದ ಮೇಲೆ ಪೇಂಟರನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಊರಿನ ಅರ್ಧ ಗೋಡೆಗಳಿಗೆ ಬಣ್ಣ ಬಳಿದ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ನೀರು ಬೇಕೆಂದರೂ ಎಡಗೈಯಲ್ಲಿ ಮಂಚ ಕುಟ್ಟಬೇಕು. ಹೆಂಡತಿ ಹೊದಿಕೆ ತಂದರೆ ಅಲ್ಲವೆಂದು ತಲೆಯಾಡಿಸುವನು, ಮಾತ್ರೆ ತಂದರೂ ಅಷ್ಟೇ. ಕೊನೆಗೆ ಕಣ್ಣು ತುಂಬಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ.

ಮಾತು ಕಲಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಮೇಡಂ, ಮಾತು ಹೋದರೂ ಕೆಲವರಲ್ಲಿ ಹಾಡು ಉಳಿದಿರುತ್ತದೆ, ಇವರಿಗೆ ಬಾಯಿಪಾಠ ಇದ್ದ ಹಾಡು ಯಾವುದು ಎಂದು ಕೇಳಿದರು. ಹೆಂಡತಿ ಮಗಳ ಮುಖ ನೋಡಿದಳು. ಮಗಳು ಕಿಟಕಿಯ ಆಚೆ ನೋಡಿದಳು.

ಅವನಿಗೆ ಪೂರ್ತಿ ಬರುತ್ತಿದ್ದುದು ಒಂದೇ ಹಾಡು. ಕೆಲಸ ಮುಗಿಸಿ ಸಾರಾಯಿ ಗಡಂಗಿಗೆ ಹೋಗುವವರೆಲ್ಲ ಹಾಡುವಂಥದ್ದು.

ಸುರಿಯೋ ತಮ್ಮ ಇನ್ನೊಂದು ಲೋಟ
ಮನೆಯೇನು ಎದ್ದು ಓಡುತ್ತಾ

ಕೇಳಿದವರು ನಗಬೇಕು, ಹಾಗಿತ್ತು ಹಾಡು. ಮಗಳು ಮಾತ್ರ ಅದನ್ನು ಕೇಳಿ ಬೆಳೆದದ್ದು ಸರಿರಾತ್ರಿಯಲ್ಲಿ, ಮೆಟ್ಟಿಲ ಕಡೆಯಿಂದ. ಅಪ್ಪ ಹಾಡನ್ನು ಕೊನೆಯವರೆಗೆ ಹಾಡಿದರೆ ಹೊಸಿಲಲ್ಲೇ ಮಲಗಿಬಿಡುತ್ತಿದ್ದ. ನಡುವೆ ನಿಲ್ಲಿಸಿದರೆ ಅಮ್ಮ ಅವಳನ್ನು ಬಚ್ಚಲಮನೆಗೆ ನೂಕಿ, ಒಳಗಿನಿಂದ ಚಿಲಕ ಹಾಕಿಕೋ ಎನ್ನುತ್ತಿದ್ದಳು. ಆಮೇಲಿನದನ್ನು ಅವಳು ಕಿವಿಯಲ್ಲಿ ಬೆರಳಿಟ್ಟುಕೊಂಡೇ ಕೇಳಿದ್ದಳು.

ಅಮ್ಮನಿಗೆ ರಾಗ ಹತ್ತುವುದಿಲ್ಲ. ಹಾಗಾಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದಿಂದ ಊಟದ ಬಿಡುವಿಗೆ ಬಂದಿದ್ದ ಮಗಳೇ ಮೊದಲ ಸಾಲು ಹಾಡಬೇಕಾಯಿತು. ಎರಡನೆಯ ಸಾಲನ್ನು ಅಪ್ಪ ಎತ್ತಿಕೊಂಡ. ಒಂದಕ್ಷರ ತೊದಲಲಿಲ್ಲ. ಮೇಡಂ ಸಂತೋಷಕ್ಕೆ ಚಪ್ಪಾಳೆ ತಟ್ಟಿದರು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಹಿಡಿದುಕೊಂಡು ನಿಂತಳು.

"ಈಗ್ಯಾಕೆ ಹೆದರ್ತೀಯ? ಮಗ್ಗುಲು ಬದಲಿಸೋಕೂ ನಾನೇ ಬೇಕು ಅವರಿಗೆ," ಅಂದಳು ಅಮ್ಮ.

ಅದು ಅವಳಿಗೂ ಗೊತ್ತಿತ್ತು. ಆದರೂ ನಲ್ಲಿಯಿಂದ ಕೈ ತೆಗೆಯಲಿಲ್ಲ.

ದಿನಾ ಹಾಡಿಸಿದರು. ನೀರು ಬೇಕಾದಾಗ ಅಪ್ಪ 'ಇನ್ನೊಂದು ಲೋಟ' ಎಂದು ರಾಗವಾಗಿ ಕೇಳತೊಡಗಿದ. ಅಮ್ಮ ನಕ್ಕು ತಂದುಕೊಡುತ್ತಿದ್ದಳು. ಒಂದು ಮಧ್ಯಾಹ್ನ ಮಗಳು ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಆ ಹಾಡು ಕೇಳಿಸಿ, ಅರ್ಧಕ್ಕೇ ನಿಂತಿತು. ಹಾಡುಹಗಲಲ್ಲಿ, ಊಟದ ಡಬ್ಬಿ ಹಿಡಿದುಕೊಂಡು, ಅಲ್ಲೇ ಕುಸಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಕಸ ಹಾಕಲು ಇಳಿದು ಬಂದ ಅಮ್ಮ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಪ್ಪ ಕೆಮ್ಮು ಬಂದು ಹಾಡು ನಿಲ್ಲಿಸಿದ್ದನಂತೆ. ಬೆವರಿ ಬಿಳಿಚಿಕೊಂಡ ಮಗಳ ಮುಖವನ್ನು ಅವನು ಸರಿಯಾಗಿ ನೋಡಿದ್ದು ಅವತ್ತೇ.

ಮರುದಿನದಿಂದ ಅವನು ಹಾಡಲಿಲ್ಲ. ಮೇಡಂ ರಮಿಸಿದರೂ ತುಟಿ ಬಿಚ್ಚಲಿಲ್ಲ. ಮತ್ತೆ ಮಂಚ ಕುಟ್ಟುವುದೇ ಶುರುವಾಯಿತು. ಹೀಗೇ ಬಿಟ್ಟರೆ ಬಂದದ್ದೂ ಹೋದೀತು ಎಂದು ಮೇಡಂ ಹೇಳಿದರು. ಅಮ್ಮ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು, ಅಷ್ಟೇ.

ಕೊನೆಗೆ ಒಂದು ರಜೆಯ ದಿನ ಮಗಳು ಅಮ್ಮನನ್ನು ಅಂಗಡಿಗೆ ಕಳಿಸಿ, ಮಂಚದ ಎದುರು ಬಂದು ನಿಂತಳು.

"ಅಪ್ಪಾ, ಈ ಹಾಡು ಕೇಳಿದ್ರೆ ನಂಗೆ ಈಗ್ಲೂ ಜೀವ ಬಾಯಿಗೆ ಬರುತ್ತೆ. ನೀನು ಬಾಯಿ ಮುಚ್ಕೊಂಡ್ರೂ ಅದು ಹೋಗಲ್ಲ. ಹಾಡು."

ಅಪ್ಪ "ತ... ತ..." ಅಂದ. ಮುಂದಿನದು ಬರಲಿಲ್ಲ. ತಪ್ಪಾಯ್ತು ಅನ್ನಲು ಹೊರಟನೋ, ತಾಯಿ ಅನ್ನಲೋ, ಅವಳಿಗೆ ತಿಳಿಯಲಿಲ್ಲ. ಅವಳು ಕೇಳಲೂ ಇಲ್ಲ. ತಾನೇ ಮೊದಲ ಸಾಲು ಎತ್ತಿದಳು. ಅವನು ಮಗು ಮಲಗಿಸುವವರ ಹಾಗೆ ಸಣ್ಣದಾಗಿ ದನಿ ಸೇರಿಸಿದ. ಹಾಡು ಮುಗಿಯುವವರೆಗೂ ಅವಳು ಓಡಿಹೋಗಲಿಲ್ಲ.

ಬರಬರುತ್ತಾ ನೀರು, ಸಾಕು, ಬಾ ಅನ್ನುವ ಮಾತುಗಳು ಹಾಡಿಲ್ಲದೆಯೂ ಬಂದವು. ಇನ್ನು ಬೇಕಿಲ್ಲವೆಂದು ಮೇಡಂ ಹಾಡು ಬಿಡಿಸಿದರು. ಮಗಳು ಈಗಲೂ ಬಂದಾಗಲೆಲ್ಲ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಾಳೆ. ಹತ್ತಿರ ಬಾ ಎಂದು ಕರೆಯುವಷ್ಟು ಮಾತು ಅಪ್ಪನಿಗೆ ಬಂದಿದೆ. ಅವನು ಕರೆಯುವುದಿಲ್ಲ.