ಕೇಳಿದವರಿಗೆ ಸಿಗದ ಪ್ರೋಗ್ರಾಮ್

ಪಾರ್ಶ್ವವಾಯು ಬಡಿದು ಮನೆಯಲ್ಲಿ ಒಬ್ಬರ ಮಾತು ನಿಂತರೆ ಉಳಿದವರ ಪಾಡು ಬರೀ ಊಹೆಯದು. ಸನ್ನೆಯಲ್ಲಿ ನೀರು ಕೇಳಿದರೆ ದಿಂಬು ಕೊಡುತ್ತೇವೆ. ಫ್ಯಾನ್ ನಿಲ್ಲಿಸಿ ಎಂದರೆ ಜೋರು ಮಾಡುತ್ತೇವೆ. ನಮ್ಮ ಅತ್ತೆಗೆ ಹೀಗಾದಾಗ ನಾನು ದಿನಕ್ಕೆ ಹತ್ತು ಸಲ ತಪ್ಪು ಮಾಡುತ್ತಿದ್ದೆ. ಹತ್ತು ಸಲವೂ ಅತ್ತೆ ಕಣ್ಣಲ್ಲೇ ಬೈಯುತ್ತಿದ್ದರು.

ನಮ್ಮ ಮಾವ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಕೈ ಕಟ್ಟಿ ಕೂರುವ ಜಾಯಮಾನವಲ್ಲ. ಅರವತ್ತೆಂಟನೇ ವಯಸ್ಸಿನಲ್ಲಿ ಪುಸ್ತಕ ಹಿಡಿದು ಕಲಿತು, ಅತ್ತೆಗೋಸ್ಕರ ಒಂದು ಪ್ರೋಗ್ರಾಮ್ ಬರೆದೇಬಿಟ್ಟರು. ಟ್ಯಾಬಿನ ಪರದೆ ಮೇಲೆ ಚಿತ್ರಗಳಿರುತ್ತವೆ. ಮುಟ್ಟಿದರೆ ಅದು ಮಾತಾಡುತ್ತದೆ. ಚಿತ್ರ ಬರೆದವಳು ನಾನು, ದನಿ ಮಾವನದು. ಅತ್ತೆ ಲೋಟವನ್ನು ಮುಟ್ಟಿದರೆ ಮಾವನ ಗಡಸು ದನಿಯಲ್ಲಿ “ನೀರು ಕೊಡಿ” ಎಂದು ಕೇಳುತ್ತದೆ.

ಇದು ಎಲ್ಲರಿಗೂ ಸಿಗಲಿ ಎಂದು ಮಾವನ ಆಸೆ. ಬರೆದದ್ದನ್ನೆಲ್ಲ ಇಂಟರ್ನೆಟ್ಟಿನಲ್ಲಿ ಯಾರಿಗೆ ಬೇಕಾದರೂ ಕಾಣುವ ಹಾಗೆ ಹಾಕಿದರು. ಅಲ್ಲಿಗೆ ತಮ್ಮ ಕೆಲಸ ಮುಗಿಯಿತು ಎಂದುಕೊಂಡರು.

ಪ್ರತಿ ಬುಧವಾರ ಆಸ್ಪತ್ರೆಯಲ್ಲಿ ಅತ್ತೆಗೆ ಮಾತಿನ ಅಭ್ಯಾಸ ಇರುತ್ತದೆ. ಮಾಡಿಸುವ ಟೀಚರಮ್ಮ ಬಲು ಚುರುಕು. ಆ ಬುಧವಾರ ಪಕ್ಕದ ಕುರ್ಚಿಯಲ್ಲಿ ಒಬ್ಬ ಲಾರಿ ಡ್ರೈವರ್ ಕೂತಿದ್ದರು. ಅವರಿಗೂ ಅದೇ ಕಾಯಿಲೆ. ಬುದ್ಧಿ ಚುರುಕಾಗಿಯೇ ಇದೆ, ನಾಲಿಗೆ ಮಾತ್ರ ಏಳುತ್ತಿಲ್ಲ. ಶನಿವಾರ ಮನೆಗೆ ಕಳಿಸುತ್ತಾರೆ. ಗಂಡ ಏನು ಹೇಳುತ್ತಾನೆಂದು ಒಂದೂ ತಿಳಿಯದೆ, ಮನೆಗೆ ಹೋದ ಮೇಲೆ ಹೇಗಪ್ಪಾ ಎಂದು ಅವರ ಹೆಂಡತಿ ಕಂಗಾಲಾಗಿದ್ದಳು.

“ಅದಕ್ಯಾಕೆ ಚಿಂತೆ?” ಎಂದರು ಮಾವ. “ಟೀಚರಮ್ಮ, ನನ್ನ ಪ್ರೋಗ್ರಾಮನ್ನ ಇವರ ಟ್ಯಾಬಿಗೂ ಹಾಕಿಬಿಡಿ.”

“ಹಾಕೋ ಹಾಗಿಲ್ಲ ಸಾರ್. ನೀವು ಅದಕ್ಕೆ ಲೈಸೆನ್ಸ್, ಅಂದ್ರೆ ಹಂಚಬಹುದು ಅನ್ನೋ ಒಪ್ಪಿಗೆ, ಬರೆದಿಲ್ಲ.”

“ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದೀನಲ್ಲ! ಬೇಕಾದವರು ತಗೊಳ್ಳಿ ಅಂತ ತಾನೆ?”

“ಕಾಣೋದೇ ಬೇರೆ, ಹಂಚೋಕೆ ಒಪ್ಪಿಗೆ ಇರೋದೇ ಬೇರೆ ಸಾರ್. ಬರೆದವರು ಏನೂ ಹೇಳದಿದ್ರೆ ಹಕ್ಕೆಲ್ಲ ಅವರದ್ದೇ. ಬೇರೆಯವರು ನಕಲು ಮಾಡಿ ಹಂಚೋ ಹಾಗಿಲ್ಲ. ತಿದ್ದಿ ಹಂಚೋ ಹಾಗೂ ಇಲ್ಲ.”

“ಎದುರಿಗೇ ಕೂತು ತಗೊಳ್ಳಿ ಅಂತಿದ್ದೀನಲ್ಲಮ್ಮಾ!”

“ನನಗೆ ಹೇಳಿದ್ರಿ, ಸರಿ. ಇವರ ಮನೆ ಹತ್ತಿರದ ಆಸ್ಪತ್ರೆಯವರು ನೋಡಿ ಇನ್ನೊಬ್ಬರಿಗೆ ಕೊಡಬೇಕು ಅಂದ್ರೆ ನಿಮ್ಮನ್ನ ಎಲ್ಲಿ ಅಂತ ಹುಡುಕ್ತಾರೆ? ಒಪ್ಪಿಗೆ ಪ್ರೋಗ್ರಾಮಿನ ಜೊತೆಗೇ ಬರವಣಿಗೆಯಲ್ಲಿ ಹೋಗಬೇಕು.”

ಮಾವನಿಗೆ ರೇಗಿತು. “ಹಿಂಗೇ ಮೂರು ಜನ ನನಗೆ ಪತ್ರ ಬರೆದಿದ್ರು, ಹಂಚಬಹುದಾ ಅಂತ. ಮುಂದೆ ತಂದಿಟ್ಟ ಮೇಲೂ ಕೇಳ್ತಾರಲ್ಲ, ಬೇಡದವರ ನೆಪ ಇದು ಅಂತ ನಾನು ಉತ್ತರಾನೇ ಬರೀಲಿಲ್ಲ.”

ಟೀಚರಮ್ಮ ಪೆನ್ನು ಕೆಳಗಿಟ್ಟರು. “ಸಾರ್, ಅವರು ಬೇಡದವರಲ್ಲ. ಕೇಳದೇ ಎತ್ತಿಕೊಂಡು ಹೋದವರು ಎಷ್ಟೋ ಜನ ಇರಬಹುದು, ಅವರಿಗೆಲ್ಲ ಸಿಕ್ಕಿದೆ. ನ್ಯಾಯವಾಗಿ ಕೇಳಿದವರಿಗೆ ಮಾತ್ರ ಸಿಗಲಿಲ್ಲ.”

ಮಾವನ ಮುಖ ಸಪ್ಪಗಾಯಿತು. ಮೂರು ಕಡೆ ಮಾತಿಲ್ಲದೆ ಕೂತವರನ್ನು ನೆನೆದರೋ ಏನೋ. ನನಗೆ ಅಯ್ಯೋ ಅನಿಸಿತು. ಕೊಡುವ ಮನಸ್ಸು ಇವರಷ್ಟು ಯಾರಿಗೂ ಇಲ್ಲ, ಕೊಟ್ಟೆ ಎಂದು ಬರೆಯಲು ಮಾತ್ರ ಬಿಗುಮಾನ.

“ಬರೆದುಕೊಟ್ರೆ ಅದು ನನ್ನದು ಅನ್ನೋದೇ ಹೋಗುತ್ತಲ್ಲ?” ಎಂದರು, ದನಿ ತಗ್ಗಿಸಿ.

“ಹೋಗಲ್ಲ ಸಾರ್. ಬರೆದವರು ಯಾವತ್ತಿದ್ರೂ ನೀವೇ. ಹಂಚುವಾಗ ನಿಮ್ಮ ಹೆಸರು ತೆಗೀಬಾರದು ಅನ್ನೋ ಲೈಸೆನ್ಸೇ ಇದೆ.”

ಮಾವ ಮತ್ತೇನೋ ವಾದ ಹೂಡಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಟ್ಯಾಬ್ ಎಳೆದುಕೊಂಡು ಒಂದು ಚಿತ್ರ ಒತ್ತಿದರು. ಮಾವನ ದನಿಯೇ ಮಾವನಿಗೆ ಹೇಳಿತು: “ಸಾಕು, ಸುಮ್ಮನಿರಿ.”

ಎಲ್ಲರೂ ನಕ್ಕರು. ಡ್ರೈವರಣ್ಣನ ಭುಜ ಕುಲುಕಿದ್ದನ್ನು ನಾನೇ ಕಂಡೆ.

ಕೆಲಸ ಕಷ್ಟದ್ದೇನಲ್ಲ. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ತಿಳಿದವರು ಬರೆದಿಟ್ಟ ಓಪನ್ ಸೋರ್ಸ್ ಲೈಸೆನ್ಸುಗಳು ಸಿದ್ಧವಾಗಿಯೇ ಸಿಗುತ್ತವೆ. ಟೀಚರಮ್ಮ ಎರಡು ಮೂರನ್ನು ಓದಿ ಅರ್ಥ ಹೇಳಿದರು. ಮಾವ ಒಂದನ್ನು ಆರಿಸಿ, ತಮ್ಮ ಹೆಸರು, ಇಸವಿ ಬರೆದು ಪ್ರೋಗ್ರಾಮಿನ ಜೊತೆಗೇ ಸೇರಿಸಿದರು.

“ಚಿತ್ರ ಯಾರದ್ದು?” ಟೀಚರಮ್ಮ ಬಿಡಲಿಲ್ಲ.

“ನಮ್ಮ ಸೊಸೇದು. ಮನೆಯವಳೇ ಬಿಡಿ.”

“ಮನೆಯವರಾದ್ರೂ ಕೇಳಬೇಕು ಸಾರ್. ನಿಮ್ಮದನ್ನ ಮಾತ್ರ ನೀವು ಕೊಡಬಹುದು.”

ನಾನು ಈ ಮನೆಗೆ ಬಂದ ಹದಿನೈದು ವರ್ಷದಲ್ಲಿ ಮೊದಲ ಸಲ ಮಾವ ನನ್ನ ಒಪ್ಪಿಗೆ ಕೇಳಿದರು. ನಾನು ಸ್ವಲ್ಪ ಹೊತ್ತು ಕಾಯಿಸಿದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಚಿತ್ರಗಳನ್ನೂ ಹಂಚಬಹುದು ಎಂದು ನನ್ನ ಹೆಸರಿನಲ್ಲಿ ಬರೆದುಕೊಟ್ಟೆ. ಆ ಸಂಜೆ ಮಾವ ಮೂರೂ ಪತ್ರಗಳಿಗೆ ಕ್ಷಮೆ ಕೇಳಿ ಉತ್ತರ ಬರೆದರು.

ಈಗ ತಿದ್ದಲೂ ಒಪ್ಪಿಗೆ ಇತ್ತಲ್ಲ, ಟೀಚರಮ್ಮ ಮಾವನ ದನಿ ತೆಗೆದು ಡ್ರೈವರಣ್ಣನ ತಮ್ಮನ ದನಿ ತುಂಬಿಸಿದರು. ಅವರ ಮನೆಯ ಮಾತುಗಳನ್ನೇ ಹಾಕಿದರು.

ಶನಿವಾರ ಮಧ್ಯಾಹ್ನ ಮಾವ ಮನೆಯಲ್ಲಿ ಕೂರಲಾಗದೆ ನನ್ನನ್ನೂ ಆಸ್ಪತ್ರೆಗೆ ಹೊರಡಿಸಿದರು. ನಾವು ಹೋದಾಗ ಡ್ರೈವರಣ್ಣನ ಹೆಂಡತಿ ತಟ್ಟೆ ಹಿಡಿದು ಅಳುಮೋರೆ ಮಾಡಿಕೊಂಡಿದ್ದಳು.

“ಮೂರು ವಾರದಿಂದ ಹಿಂಗೇ ಟೀಚರಮ್ಮ. ತಟ್ಟೆ ಇಟ್ರೆ ನನ್ನ ಕಡೆಗೇ ತಳ್ತಾರೆ. ನಾನು ಮಾಡಿದ್ದು ಯಾವುದೂ ಇವರಿಗೆ ಹಿಡಿಸಲ್ಲ.”

ಟೀಚರಮ್ಮ ಟ್ಯಾಬನ್ನು ಡ್ರೈವರಣ್ಣನ ಎಡಗೈಗೆ ಎಟುಕುವಂತೆ ಹಿಡಿದರು. ಬೆರಳು ಲೋಟವನ್ನು ದಾಟಿತು, ಮಂಚವನ್ನು ದಾಟಿತು, ತಡವರಿಸಿ ಒಂದು ಕಡೆ ನಿಂತು ಒತ್ತಿತು.

“ನಿಂದು ಊಟ ಆಯ್ತೇನೇ?”

ಅವಳು ತಟ್ಟೆ ಹಿಡಿದೇ ಮಂಚದ ಅಂಚಿಗೆ ಕೂತುಬಿಟ್ಟಳು. “ಇಲ್ಲ ರೀ,” ಎಂದಳು, ಅಷ್ಟೇ. ಮಾವ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಓದುಗರೇ, ನೀವು ಬರೆದ ಪ್ರೋಗ್ರಾಮ್ ನಾಲ್ಕು ಜನರಿಗೆ ಸಿಗಲಿ ಎಂಬ ಆಸೆಯಿದ್ದರೆ, ಹಾಗೆಂದು ಬರೆದೇ ಇಡಿ. ಒಂದು ಲೈಸೆನ್ಸ್ ಆರಿಸಿ ಜೊತೆಗೆ ಸೇರಿಸಿ. ಬೇರೆಯವರ ಪ್ರೋಗ್ರಾಮಿನಲ್ಲಿ ಲೈಸೆನ್ಸ್ ಕಾಣದಿದ್ದರೆ ನಕಲು ಮಾಡಿ ಹಂಚಬೇಡಿ, ಬರೆದವರನ್ನು ಕೇಳಿ. ನಿಮ್ಮನ್ನು ಯಾರಾದರೂ ಕೇಳಿದರೆ ದಯವಿಟ್ಟು ಉತ್ತರ ಕೊಡಿ. ಆ ಪತ್ರದ ಹಿಂದೆ ಯಾರೋ ಒಬ್ಬರು ತಮ್ಮ ಮನೆಯವರನ್ನು ಮಾತಾಡಿಸಲು ಕಾದಿರಬಹುದು.