ಮಸಿಬಟ್ಟೆ ಕಟ್ಟಿಕೊಂಡು ಆರಿಸಿದ ಕೋಲು

ನನ್ನ ಬಾಯಿ ಸ್ವಲ್ಪ ಜೋರು, ಒಪ್ಕಂತೀನಿ. ಆದಿವಾಲದ ಶಾಲೇಲಿ ಇಪ್ಪತ್ತು ವರ್ಷದಿಂದ ಬಿಸಿಯೂಟ ಬೇಯಿಸ್ತಾ ಇದೀನಿ, ಅಷ್ಟು ಮಕ್ಕಳನ್ನ ಸಾಲಾಗಿ ಕೂರಿಸಬೇಕಂದ್ರೆ ಮೆತ್ತಗೆ ಮಾತಾಡಿದ್ರೆ ಆಗುತ್ತಾ? ಅದೇ ಬಾಯಿ ಮನೇಲೂ. ಹೋದ ವರ್ಷ ಒಂದಿನ ಹಿತ್ತಲಿಗೆ ಹೋಗಿ ನೋಡ್ತೀನಿ, ನಮ್ಮ ಯಜಮಾನ್ರು ತಮ್ಮ ಗಾಳದ ಬಿದಿರುಕೋಲನ್ನ ನೆಲಕ್ಕೆ ನೆಟ್ಟು ಹೀರೆಬಳ್ಳಿ ಹಬ್ಬಿಸ್ಯವ್ರೆ. ನನಗೂ ಮುಟ್ಟಕ್ಕೆ ಬಿಡದಿದ್ದ ಕೋಲು ಅದು. ಏನ್ರೀ ಇದು ಅಂತ ಕೂಗಾಡಿದೆ. ಅವರು ತಲೆ ಎತ್ತಲಿಲ್ಲ. ಮೀನು ಹಿಡಿಯಾದು ಸಾಕು, ಬಳ್ಳಿಗಾದ್ರೂ ಆಗ್ಲಿ ಬಿಡು ಅಂದ್ರು.

ಅವರ ಹೆಸರು ದಾಸಣ್ಣ. ಪಂಚಾಯ್ತೀಲಿ ನೀರುಗಂಟಿ ಆಗಿದ್ರು. ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡೋ ಕೆಲಸ. ಊರಿಗೆಲ್ಲ ನೀರು ಬಿಟ್ಟಾದ ಮೇಲೆ ಇವರು ನೀರು ಹುಡುಕ್ಕಂಡು ಮಾರಿಕಣಿವೆ ಡ್ಯಾಮಿನ ಹಿನ್ನೀರಿಗೆ ಹೋಗೋರು. ತಿನ್ನೋ ಆಸೆಗಿಂತ ಹಿಡಿಯೋ ಆಸೆ ದೊಡ್ಡದು. ಅದರಲ್ಲೂ ಕೊರಮೀನಂದ್ರೆ ಪ್ರಾಣ. ಹಾವಿನಂಥ ತಲೆ ಇರೋ ಆ ಮೀನು ಜೊಂಡಿನ ಬುಡದಲ್ಲಿ ಅವಿತ್ಕಂಡಿರುತ್ತೆ. ಗಾಳಕ್ಕೆ ಚುಚ್ಚಿದ ಹುಳನ ಮೊದಲು ಹಗೂರಕ್ಕೆ ಮುಟ್ಟಿ ನೋಡುತ್ತೆ, ಆಮೇಲೆ ಹಸಿದ ಎಮ್ಮೆಕರ ಹಗ್ಗ ಜಗ್ಗಿದಂಗೆ ಜೊಂಡಿನೊಳಕ್ಕೆ ಎಳೆಯುತ್ತೆ. ಒಳಗೆ ಹೋಯ್ತೋ, ದಾರ ಸಿಕ್ಕಾಕ್ಕಂಡು ಕಿತ್ತೋಯ್ತು ಅಂತಾನೇ ಲೆಕ್ಕ. ಆ ಹಗೂರ ಮುಟ್ಟಿದ್ದು ಕೈಗೆ ಗೊತ್ತಾಗಬೇಕು, ಗೊತ್ತಾದ ಕೂಡ್ಲೇ ಎಳೀಬೇಕು.

ಇವರ ಕೈಗೆ ಗೊತ್ತಾಗ್ತಿರಲಿಲ್ಲ. ಹನ್ನೆರಡು ವರ್ಷದ ಶುಗರ್. ಮೊದಲು ಪಾದ ಜೋಮು ಅಂದ್ರು, ಆಮೇಲೆ ಬೆರಳು ಅಂದ್ರು. ಚಿತ್ರದುರ್ಗದ ಆಸ್ಪತ್ರೇಲಿ ಮೂರು ದಿನ ಇಟ್ಕಂಡಿದ್ದ ಡಾಕ್ಟ್ರು, ಮಣಿಕಟ್ಟಿಂದ ಕೆಳಗೆ ನರ ಮಂದ ಆಗ್ಯವೆ, ಮಾತ್ರೆ ಬಿಡಬೇಡ್ರಿ, ಬಿಸಿ ಪಾತ್ರೆ ಹತ್ರ ಜೋಪಾನ ಅಂದು ಕಳಿಸಿದ್ರು. ನಾನು ಬರೀ ಮಾತ್ರೆ ಲೆಕ್ಕ ಇಟ್ಕಂಡೆ. ಮಿಕ್ಕಿದ್ದು ನನ್ನ ತಲೆಗೆ ಹೋಗಲೇ ಇಲ್ಲ.

ಕೋಲು ಬಳ್ಳಿಗೆ ನೆಟ್ಟ ಮೇಲೆ ಮನುಷ್ಯ ಮಂಕಾಗಿಬಿಟ್ರು. ನಾನು ಒಂದು ಬೈದ್ರೆ ಎರಡು ತಿರುಗಿಸಿ ಅನ್ನೋರು, ನಮ್ಮಿಬ್ಬರ ಸಂಸಾರ ಮೂವತ್ತೊಂದು ವರ್ಷ ನಡೆದಿದ್ದೇ ಹಂಗೆ. ಈಗ ನಾನು ಎಷ್ಟು ಬೈದ್ರೂ ಕೇಳಿಸ್ಕಂಡು ಸುಮ್ನೆ ಕುಂತಿರೋರು. ನಿಜ ಹೇಳ್ತೀನಿ, ನಂಗೆ ಹೆದರಿಕೆ ಆಯ್ತು. ಬೆಂಡು ಕಟ್ಕಳ್ರಿ, ಅದು ಮುಳುಗಿದಾಗ ಎಳೀರಿ ಅಂತ ಉಪಾಯ ಹೇಳಿದೆ. ಬೆಂಡು ನೋಡಿ ಹಿಡಿಯೋರಿಗೆ, ನಾನು ಮುಟ್ಟಿ ಹಿಡಿಯೋನು ಅಂದ್ರು. ಅಷ್ಟು ಜಂಬ ಇನ್ನೂ ಉಳಿದೈತಲ್ಲ, ಹಂಗಾದ್ರೆ ಮನುಷ್ಯ ಪೂರ್ತಿ ಕೈಬಿಟ್ಟು ಹೋಗಿಲ್ಲ ಅಂತ ನಂಗೆ ಧೈರ್ಯ ಬಂತು.

ಹಿರಿಯೂರಲ್ಲಿ ತಿಮ್ಮೇಶ್ ಅಂತ ಒಬ್ಬ ಬಲೆ, ಹಗ್ಗದ ಅಂಗಡಿ ಇಟ್ಟವ್ನೆ. ನಮ್ಮೂರೋನೇ, ಶಾಲೇಲಿ ನನ್ನ ಕೈಯಡುಗೆ ಉಂಡು ಬೆಳೆದೋನು. ಕಣಿವೆ ಕೋಡಿ ಬಿದ್ದ ಮೇಲೆ ಹುಡುಗರಿಗೆಲ್ಲ ಮೀನಿನ ಹುಚ್ಚು ಹತ್ತಿ, ಈಗ ಅವನ ಅಂಗಡಿ ಗೋಡೆ ತುಂಬ ರೀಲು ಇರೋ ಕೋಲು ನಿಂತವೆ. ಹೋಗಿ ಕೇಳಿದೆ. ಇವು ಬಾಸ್ ಅನ್ನೋ ಪರದೇಶದ ಮೀನಿಗೆ ಮಾಡಿದ ಕೋಲು ಅನುಸೂಯಕ್ಕ, ಅದೂ ನಮ್ಮ ಕೊರಮೀನಂಗೇ ಜೊಂಡಲ್ಲಿ ಅವಿತ್ಕಂಡು ಹೊಡೆಯೋ ಮೀನು ಅಂತ ಅವನು ಹೇಳಿದ. ಮೀಡಿಯಂ, ಹೆವಿ, ಅದು ಇದು ಅಂತ ಇನ್ನೂ ಏನೇನೋ ಹೇಳಿದ. ನಾನು ಕೇಳಿಸ್ಕಳ್ಳಲಿಲ್ಲ. ನಂಗೆ ಗೊತ್ತಿರೋ ಕೋಲು ಅಂದ್ರೆ ಮುದ್ದೆಕೋಲು. ಒಂದೊಂದನ್ನೇ ತಗಂಡು ನೆಲಕ್ಕೆ ಊರಿ ಒತ್ತಿ ನೋಡಿದೆ. ಯಾವುದು ಬಾಗಲಿಲ್ವೋ ಅದನ್ನೇ ಕಟ್ಟಿಸ್ಕಂಡು ಬಂದೆ. ತಿಮ್ಮೇಶ್ ಏನೋ ಹೇಳಕ್ಕೆ ಬಾಯಿ ತೆಗೆದ, ನಾನು ಒಂದು ನೋಟ ನೋಡಿದೆ, ಸುಮ್ಮನಾದ.

ಕೋಲು ಕೈಗೆ ಕೊಟ್ಟಾಗ ಅವರ ಮುಖ ನೋಡಬೇಕಿತ್ತು. ತಿರುಗಿಸಿ ತಿರುಗಿಸಿ ನೋಡಿದ್ರು, ಬೀಸಿ ನೋಡಿದ್ರು. ಭಾನುವಾರ ಇಬ್ಬರೂ ಹಿನ್ನೀರಿಗೆ ಹೋದ್ವಿ. ಅವರ ಪಕ್ಕ ಕುಂತು ನಾನು ದಾರವನ್ನೇ ನೋಡ್ತಾ ಇದ್ದೆ. ದಾರ ಮೂರು ಸಲ ಅಳ್ಳಾಡ್ತು. ಮೂರು ಸಲವೂ ಇವರು ನೀರು ನೋಡ್ಕಂಡು ಸುಮ್ನೆ ಕುಂತಿದ್ರು. ನಾನು ಹೇಳಲಿಲ್ಲ. ಬಿಸಿಲೇರಿದ ಮೇಲೆ ಎದ್ದು, ಇವತ್ತು ಮೀನು ಬರಲಿಲ್ಲ ಅಷ್ಟೆ, ಕೋಲು ಬಾಳ ಚೆನ್ನಾಗೈತೆ ಅಂದ್ರು. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಾವ್ರೆ ಅಂತ ಗೊತ್ತಾಯ್ತು.

ಮಾರನೇ ದಿನ ಶಾಲೇಲಿ ಮಸಿಬಟ್ಟೆ ಹಿಡಿದು ಸಾರಿನ ಪಾತ್ರೆ ಇಳಿಸ್ತಾ ಇದ್ದೆ. ಪಾತ್ರೆಯ ಅಂಚು ಎಲ್ಲೈತೆ ಅಂತ ಬಟ್ಟೆ ಒಳಗಿಂದ ಗೊತ್ತಾಗದೆ ಒಂದು ಗಳಿಗೆ ತಡಕಾಡಿದೆ. ಥಟ್ಟನೆ ನಿಂತೆ. ಇವರ ಕೈ ಹಿಂಗಾ?

ಸಂಜೆ ಇವರು ಅತ್ತ ಹೋಗಿದ್ದಾಗ ಎರಡೂ ಕೈಗೆ ಮಸಿಬಟ್ಟೆ ಎರಡು ಸುತ್ತು ಸುತ್ತಿ, ಹಲ್ಲಲ್ಲಿ ಗಂಟು ಹಾಕ್ಕಂಡೆ. ಅವರ ಅಂಗಿ ತಗಂಡು ಗುಂಡಿ ಹಾಕಕ್ಕೆ ಹೋದೆ. ಐದು ಗುಂಡಿಗೆ ಎಷ್ಟು ಹೊತ್ತಾಯ್ತೋ ದೇವರಿಗೇ ಗೊತ್ತು. ಮಾತ್ರೆ ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದೆ, ಅದು ಬೆರಳ ಸಂದೀಲಿ ಇತ್ತೋ ಕೆಳಗೆ ಬಿತ್ತೋ ತಿಳೀಲಿಲ್ಲ. ಟೀ ಲೋಟ ಎತ್ತಿದೆ, ಹಿಡಿದಿದೀನಿ ಅನ್ಕಂಡೇ ಇದ್ದೆ, ಅದು ಜಾರಿ ನೆಲಕ್ಕೆ ಬಿತ್ತು. ಹಿಂದಿನ ಆರು ತಿಂಗಳಲ್ಲಿ ಇವರು ಎಷ್ಟು ಲೋಟ ಬೀಳಿಸಿದ್ರೋ, ಅಷ್ಟು ಸಲವೂ ಕೈಯಲ್ಲಿ ಜೀವ ಇಲ್ವಾ ನಿಮಗೆ ಅಂತ ಬೈದಿದ್ದೆ. ಅದೇ ಮಾತು ಬೈದಿದ್ದೆ. ಅಡುಗೆಮನೇಲಿ ನೆಲದ ಮೇಲೆ ಕುಂತು, ಕೈಗೆ ಕಟ್ಟಿದ ಆ ಕೊಳಕು ಬಟ್ಟೇಲೇ ಕಣ್ಣು ಒರಸ್ಕಂಡು ಅತ್ತೆ. ಆಮೇಲೆ ಎದ್ದು ಚೆಲ್ಲಿದ ಟೀ ಒರೆಸಿದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸ್ಕಂಡು, ದಪ್ಪ ಕೋಲು, ಮಸಿಬಟ್ಟೆ ಎರಡೂ ಹಿಡ್ಕಂಡು ಮತ್ತೆ ತಿಮ್ಮೇಶನ ಅಂಗಡಿಗೆ ಹೋದೆ. ಬಟ್ಟೆ ಕಟ್ಟು ಅಂತ ಕೈ ಚಾಚಿದೆ. ಬಲೆ ಕೊಳ್ಳಕ್ಕೆ ಬಂದಿದ್ದ ಇಬ್ಬರು ಮುಸಿ ಮುಸಿ ನಕ್ಕರು. ನಗೋದಾದ್ರೆ ಹೊರಗೆ ಹೋಗಿ ನಗ್ರಿ, ಇಲ್ಲಿ ನಂಗೆ ಕೆಲಸ ಐತೆ ಅಂದೆ. ತಿಮ್ಮೇಶ್‌ಗೆ ವಿಷಯ ಹೇಳಿದ ಮೇಲೆ ಅವನು ನಗಲಿಲ್ಲ, ಗಂಟು ಬಿಗಿಯಾಗಿ ಕಟ್ಟಿದ. ನಾನು ಗೋಡೆ ಕಡೆ ಮುಖ ಮಾಡಿ ಕೋಲು ಹಿಡ್ಕಂಡು ನಿಂತೆ. ಅವನು ಆ ತುದೀಲಿ ದಾರನ ಉಗುರಲ್ಲಿ ಮೀಟಬೇಕು, ನಂಗೆ ಗೊತ್ತಾದಾಗ ನಾನು ‘ಹೂಂ’ ಅನ್ನಬೇಕು.

ನಾನು ಮೊದಲು ಕೊಂಡಿದ್ದ ದಪ್ಪ ಕೋಲಲ್ಲಿ ಅವನು ಹತ್ತು ಸಲ ಮೀಟಿದ್ನಂತೆ, ನಾನು ಒಂದು ಸಲ ಹೂಂ ಅಂದೆ. ಅದೂ ಸುಮ್ನೆ ಅಂದಾಜಿಗೆ. ಕಡ್ಡಿಯಂಥ ತೆಳ್ಳಂದು ಒಂದಿತ್ತು, ಅದರಲ್ಲಿ ಎಲ್ಲ ಗೊತ್ತಾಯ್ತು. ಖುಷಿಯಾಯ್ತು. ತಿಮ್ಮೇಶ್ ದಾರದ ತುದೀನ ಒಂದು ಹಗ್ಗದ ಸುರುಳಿಗೆ ಕಟ್ಟಿ, ಇದು ಮೀನು ಅಂತ ತಿಳ್ಕಂಡು ಎಳೀರಿ ಅಂದ. ಎಳೆದ್ರೆ ಕೋಲು ಹಿಡಿಕೆವರೆಗೂ ಬಾಗಿತು, ಸುರುಳಿ ಕದಲಲಿಲ್ಲ. ಕೊರಮೀನು ಇವರನ್ನೇ ನೀರಿಗೆ ಎಳ್ಕಂಡು ಹೋಗುತ್ತೆ ಅಂದೆ. ಹಿಂಗೇ ಏಳೋ ಎಂಟೋ ಕೋಲು ಆಯ್ತು. ಗೊತ್ತಾಗೋದಕ್ಕೆ ಶಕ್ತಿ ಇಲ್ಲ, ಶಕ್ತಿ ಇರೋದಕ್ಕೆ ಗೊತ್ತಾಗಲ್ಲ. ನಂಗೂ ಸಾಕಾಯ್ತು.

ಕೊನೆಗೆ ತಿಮ್ಮೇಶ್ ಒಳಗಿಂದ ಒಂದು ತಂದ. ತುದಿ ಮೆತ್ತಗಿತ್ತು, ನಡು ಗಟ್ಟಿ, ಹಿಡಿಕೆ ಉದ್ದ. ಅಕ್ಕ, ಬೆರಳಿನ ಆಸೆ ಬಿಡ್ರಿ, ಹಿಡಿಕೆಯ ಬುಡನ ಮುಂಗೈಗೆ ಒತ್ತಿ ಮೊಣಕೈ ಹತ್ರ ಸೇರಿಸಿ ಹಿಡೀರಿ ಅಂದ. ಹಿಡಿದೆ. ಬಟ್ಟೆ ಒಳಗೆ ಬೆರಳಿಗೆ ಏನೂ ಆಗಲಿಲ್ಲ. ಆದರೆ ಮೊಣಕೈ ಹತ್ರ, ಬರಿ ಚರ್ಮದ ಮೇಲೆ, ಜುಂ ಅಂತು. ಹೂಂ ಅಂದೆ. ಮತ್ತೆ ಜುಂ ಅಂತು, ಹೂಂ. ಅವನು ಬೇಕಂತ್ಲೇ ಸುಮ್ನಿದ್ದಾಗ ನಾನೂ ಸುಮ್ನಿದ್ದೆ. ಹಗ್ಗದ ಸುರುಳಿ ಕಟ್ಟಿ ಎಳೆದ್ರೆ ತುದಿ ಬಾಗ್ತು, ನಡು ನಿಂತ್ಕಂತು, ಸುರುಳಿ ನೆಲದ ಮೇಲೆ ಜರುಗಿ ನನ್ನ ಕಾಲ ಹತ್ರ ಬಂತು. ಹಳೇದು ವಾಪಸ್ ಇಟ್ಕಂಡು ಇದನ್ನ ಕೊಡು ಅಂದೆ.

ಮನೇಲಿ ಇವರಿಗೆ ಬಟ್ಟೆ ವಿಷಯ ಹೇಳಲಿಲ್ಲ. ಹಿಂಗೆ ಹಿಡ್ಕಳ್ಳಬೇಕಂತೆ ಅಂತ ತೋರಿಸಿದೆ ಅಷ್ಟೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟ್ವಿ. ಹಿನ್ನೀರು ತಣ್ಣಗೆ ನಿಂತಿತ್ತು. ಇವರು ಗಾಳ ಎಸೆದು, ಹಿಡಿಕೆ ಮೊಣಕೈಗೆ ಒತ್ಕಂಡು ಕುಂತ್ರು. ನಾನು ಎಂದಿನಂಗೆ ದಾರ ನೋಡ್ತಾ ಇದ್ದೆ. ಬಾಳ ಹೊತ್ತಾದ ಮೇಲೆ ದಾರ ಅಳ್ಳಾಡ್ತು.

ನಾನು ಅವರ ಮುಖ ನೋಡಿದೆ. ಗೊತ್ತಾಗಿತ್ತು. ಉಸಿರು ಹಿಡಿದು, ಬಾಯಿ ಸ್ವಲ್ಪ ತೆರೆದು, ಮಗು ಕಥೆ ಕೇಳಿಸ್ಕಳ್ಳೋ ಹಂಗೆ ಕುಂತಿದ್ರು. ಎಳೀತಾರೆ ಎಳೀತಾರೆ ಅಂತ ನಾನು ಕಾಯ್ತಾ ಇದೀನಿ, ಎಳೀತಿಲ್ಲ. ದಾರ ಮತ್ತೆ ಅಳ್ಳಾಡ್ತು. ಆಮೇಲೆ ಜೊಂಡಿನ ಕಡೆ ಜರ್ರನೆ ಹೋಗಿ, ಸಡಿಲ ಬಿತ್ತು. ಹುಳನೂ ಇಲ್ಲ, ಗಾಳನೂ ಇಲ್ಲ. ನನ್ನ ಬಾಯಿ ಗೊತ್ತಲ್ಲ, ತಡೀಲಿಲ್ಲ.

“ಗೊತ್ತಾದ್ರೂ ಎಳೀಲಿಲ್ಲ ಯಾಕ್ರೀ?”

“ಎಳೆದ್ರೆ ಮುಗಿದೋಗ್ತಿತ್ತಲ್ಲೇ,” ಅಂದ್ರು. “ಒಂದು ಜೀವ ನನ್ನ ಮುಟ್ಟಿದ್ದು ಗೊತ್ತಾಗಿ ಎಷ್ಟು ದಿನ ಆಗಿತ್ತು ಅಂತ.”

ನೀರು ನೋಡ್ಕಂಡೇ ಮೆತ್ತಗೆ ಹೇಳಿದ್ರು.

“ದುರ್ಗದ ಆಸ್ಪತ್ರೇಲಿ ನೀನು ಮೂರು ದಿನ ನನ್ನ ಕೈ ಹಿಡ್ಕಂಡು ಕುಂತಿದ್ದೆ. ಕಣ್ಣಿಂದ ನೋಡಿದಾಗ ಗೊತ್ತಾಗ್ತಿತ್ತು. ಕಣ್ಣು ಮುಚ್ಚಿದ್ರೆ ನೀನು ಇದೀಯೋ ಇಲ್ವೋ ತಿಳೀತಿರಲಿಲ್ಲ.”

ಹೊಸ ಗಾಳ ಕಟ್ಟಿ ಹುಳ ಚುಚ್ಚಿ ಕೊಟ್ಟೆ. ಎರಡನೇ ಸಲ ಎಳೆದ್ರು. ಕೋಲು ಬಾಗಿ ನಡುಗಿತು, ಮುರೀಲಿಲ್ಲ. ಎರಡು ಕೆಜಿಗೆ ಮೋಸ ಇಲ್ಲದ ಕೊರಮೀನು ದಡಕ್ಕೆ ಬಂದು ಮಣ್ಣಲ್ಲಿ ಹೊರಳಾಡ್ತು. ನೀನು ಅಡ್ಡ ಕುಂತಿದ್ದಕ್ಕೆ ಮೊದಲನೇದು ಹೋಯ್ತು ಅಂತ ನನ್ನ ಮೇಲೆ ಹಾಕಿದ್ರು. ಒಂದಕ್ಕೆ ಎರಡು ನಾನೂ ಅಂದೆ. ಜಗಳ ಆಡ್ಕಂಡೇ ಅಲ್ಲಿಂದ ಹೊರಟ್ವಿ.

ದಡ ಹತ್ತೋವಾಗ ಕಲ್ಲು ಜಾಸ್ತಿ, ಇವರ ಪಾದಕ್ಕೂ ತಿಳಿಯಲ್ಲ. ಅಭ್ಯಾಸಬಲದಿಂದ ಇವರ ಕೈ ಹಿಡಿದೆ. ಹಿಡಿದ ಮೇಲೆ ನೆನಪಾಯ್ತು. ಕೈ ಬಿಟ್ಟು, ಅಂಗಿ ತೋಳು ಮೇಲಕ್ಕೆ ಸರಿಸಿ, ಮೊಣಕೈ ಹತ್ರ ಗಟ್ಟಿಯಾಗಿ ಹಿಡ್ಕಂಡೆ. ಅವರು ನಿಂತ್ರು. ನನ್ನ ಕಡೆ ನೋಡಲಿಲ್ಲ, ಕಣ್ಣು ಮುಚ್ಚಿದ್ರು.

“ಹೂಂ,” ಅಂದ್ರು. “ಇದೀಯ.”